ಫ್ರಾಯ್ಡ್‌ನ ಎಷ್ಟು ಮಾತು ಬಿದ್ದರೂ ಸೈಕೋಡೈನಮಿಕ್ ದೃಷ್ಟಿಕೋನದಲ್ಲಿ ಉಳಿಯುವುದೇನು?

ನೇತ್ರಾವತಿ ತೀರ
ನಾನು ಮನಶ್ಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ. ಫ್ರಾಯ್ಡ್‌ನ ಮನೋವಿಶ್ಲೇಷಣೆಯಿಂದ ಬೆಳೆದ ಸೈಕೋಡೈನಮಿಕ್ ದೃಷ್ಟಿಕೋನದ ಮೂಲ ವಿಚಾರಗಳ ಕುರಿತು ವಿಭಾಗದಲ್ಲಿ ಸೆಮಿನಾರ್ ನೀಡಬೇಕಾಗಿದೆ. ನಮ್ಮ ಪಠ್ಯದಲ್ಲಿ ಈ ಅಧ್ಯಾಯ ಇಡ್, ಈಗೋ, ಸೂಪರ್ ಈಗೋ ಎಂಬ ಮನಸ್ಸಿನ ಮೂರು ಭಾಗಗಳ ಹೆಸರುಗಳಿಂದ ಶುರುವಾಗಿ, ಬಾಲ್ಯದ ಐದು ಹಂತಗಳನ್ನು ದಾಟಿ, ರಕ್ಷಣಾ ತಂತ್ರಗಳ ಪಟ್ಟಿಯೊಂದನ್ನು ಕೊಟ್ಟು, ಈ ಸಿದ್ಧಾಂತವನ್ನು ಪರೀಕ್ಷಿಸಲು ಸಾಧ್ಯವಿಲ್ಲ ಎಂಬ ಒಂದು ವಾಕ್ಯದೊಂದಿಗೆ ಮುಗಿದುಹೋಗುತ್ತದೆ. ಆದರೆ ತರಬೇತಿಗೆಂದು ಚಿಕಿತ್ಸಾ ವಿಭಾಗಕ್ಕೆ ಹೋದಾಗ, ಹಿರಿಯರು ಯಾವುದೇ ವ್ಯಕ್ತಿಯ ಸಮಸ್ಯೆಯನ್ನು ಚರ್ಚಿಸುವಾಗ ಬಳಸುವ ಮಾತುಗಳಲ್ಲಿ ಬಹುಪಾಲು ಇದೇ ಅಧ್ಯಾಯದವು ಎಂಬುದನ್ನು ಗಮನಿಸಿದ್ದೇನೆ. ತರಗತಿಯಲ್ಲಿ ತಳ್ಳಿಹಾಕಿದ್ದನ್ನು ಚಿಕಿತ್ಸೆಯಲ್ಲಿ ಬಳಸುವುದು ಹೇಗೆ? ಫ್ರಾಯ್ಡ್ ತಪ್ಪೆಂದಾದರೆ ಇಡೀ ದೃಷ್ಟಿಕೋನವೇ ಬಿದ್ದುಹೋಗುತ್ತದೆಯೇ, ಅಥವಾ ಅವನಿಂದ ಬೇರ್ಪಡಿಸಿ ನೋಡಬಹುದಾದ ತಿರುಳೊಂದು ಇದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಳೆಯ ಮೇಷ್ಟ್ರು
ನೇತ್ರಾವತಿಯವರೇ, ಬೇರ್ಪಡಿಸಿ ನೋಡಬಹುದು, ನೋಡಲೇಬೇಕು. ನಾನು ಪದವಿ ತರಗತಿಗಳಿಗೆ ಈ ವಿಷಯವನ್ನು ಬಹಳ ವರ್ಷ ಪಾಠ ಮಾಡಿದವನು. ಪರೀಕ್ಷೆಗೆ ಅನುಕೂಲವೆಂದು ಐದು ಹಂತಗಳನ್ನು ಮುಂದಿಟ್ಟು ತಿರುಳನ್ನು ಹಿಂದಕ್ಕೆ ತಳ್ಳುವ ಪದ್ಧತಿಯ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನವಿದೆ.

ತಿರುಳು ಎಂದರೆ ಇಷ್ಟು. ನಮ್ಮ ನಡವಳಿಕೆಯ ಕಾರಣಗಳಲ್ಲಿ ಎಷ್ಟೋ ನಮಗೇ ಗೊತ್ತಿರುವುದಿಲ್ಲ. ಅವುಗಳಲ್ಲಿ ಕೆಲವು ಮರೆತುಹೋದುದರಿಂದ ಮರೆಯಾದವಲ್ಲ. ತಿಳಿದುಕೊಂಡರೆ ನೋವು, ನಾಚಿಕೆ ಅಥವಾ ಭಯವಾಗುತ್ತದೆಂಬ ಕಾರಣಕ್ಕೆ ಮನಸ್ಸು ತಾನಾಗಿಯೇ ದೂರವಿಟ್ಟವು. ಒಬ್ಬ ವ್ಯಕ್ತಿಯೊಳಗೇ ಪರಸ್ಪರ ಹೊಂದದ ಬಯಕೆಗಳು ಇರುತ್ತವೆ: ತಂದೆಯ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೆ ಇರಬಹುದು, ಬಿಟ್ಟುಹೋಗುವ ಆಸೆಯೂ ಉಳಿಯುವ ಆಸೆಯೂ ಒಟ್ಟಿಗೆ ಇರಬಹುದು. ಈ ಒಳಜಗಳವನ್ನು ಸಹಿಸಿಕೊಳ್ಳಲು ಮನಸ್ಸು ಬಳಸುವ ಉಪಾಯಗಳೇ ರಕ್ಷಣಾ ತಂತ್ರಗಳು. ಎಳವೆಯಲ್ಲಿ ನಮ್ಮನ್ನು ಸಾಕಿದವರೊಂದಿಗಿನ ಸಂಬಂಧದಿಂದ ಕಲಿತ ನಿರೀಕ್ಷೆಗಳನ್ನು ನಾವು ಮುಂದಿನ ಸಂಬಂಧಗಳಿಗೂ ಹೊತ್ತೊಯ್ಯುತ್ತೇವೆ. ಚಿಕಿತ್ಸಕರೊಂದಿಗಿನ ಸಂಬಂಧವೂ ಅದಕ್ಕೆ ಹೊರತಲ್ಲ. ಆದ್ದರಿಂದ ರೋಗಲಕ್ಷಣವನ್ನು ತೆಗೆದುಹಾಕಬೇಕಾದ ತೊಂದರೆಯೆಂದಷ್ಟೇ ನೋಡದೆ, ಅದು ಈ ವ್ಯಕ್ತಿಯ ಬದುಕಿನಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಬೇಕಾಗುತ್ತದೆ.

ಡೈನಮಿಕ್ ಎಂಬ ವಿಶೇಷಣದ ಹಿನ್ನೆಲೆಯೂ ತಿಳಿದಿರಲಿ. ಫ್ರಾಯ್ಡ್ ವೈದ್ಯನಾಗುವ ಮೊದಲು ವಿಯೆನ್ನಾದಲ್ಲಿ ಅರ್ನ್ಸ್ಟ್ ಬ್ರೂಕೆ ಎಂಬ ಶರೀರಕ್ರಿಯಾ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ. ಜೀವಿಗಳಲ್ಲಿಯೂ ಭೌತಿಕ ಮತ್ತು ರಾಸಾಯನಿಕ ಶಕ್ತಿಗಳ ಆಟವೇ ನಡೆಯುತ್ತದೆ ಎಂಬುದು ಆ ಪಂಥದ ನಂಬಿಕೆ. ಮನಸ್ಸನ್ನೂ ಒಂದನ್ನೊಂದು ಎದುರಿಸುವ ಬಲಗಳ ಕಣವಾಗಿ ಕಾಣುವ ದೃಷ್ಟಿ ಅಲ್ಲಿಂದ ಬಂತು. ಶಕ್ತಿಯ ಲೆಕ್ಕಾಚಾರವನ್ನು ಇಂದು ಯಾರೂ ಅಕ್ಷರಶಃ ಒಪ್ಪುವುದಿಲ್ಲ. ಸಂಘರ್ಷದ ವಿಚಾರ ಮಾತ್ರ ಉಳಿದಿದೆ.

ತುಂಗಾ
ಮೇಷ್ಟ್ರು ಹೇಳಿದ ರಕ್ಷಣಾ ತಂತ್ರಗಳಿಗೆ ನಮ್ಮ ಗಾದೆಗಳೇ ಸಾಕ್ಷಿ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬುದು ಸ್ಥಾನಪಲ್ಲಟ, ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬುದು ಸಮರ್ಥನೆ. ಫ್ರಾಯ್ಡ್ ಹುಟ್ಟುವ ಮೊದಲೇ ನಮ್ಮ ಹಿರಿಯರಿಗೆ ಇದೆಲ್ಲ ತಿಳಿದಿತ್ತು.

ತರ್ಕಪ್ರಿಯ
ತುಂಗಾ ಅವರೇ, ಈ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇದು ವಾದದ ಮುಖ್ಯ ಅಂಶವನ್ನೇ ಮರೆಮಾಡುತ್ತದೆ. ಗಾದೆಯ ಸೊಸೆಗೆ ತನಗೆ ಅತ್ತೆಯ ಮೇಲೆ ಕೋಪವಿದೆ ಎಂಬುದು ಚೆನ್ನಾಗಿ ಗೊತ್ತು. ಅತ್ತೆಯನ್ನು ಬೈಯುವ ಧೈರ್ಯವಿಲ್ಲ, ಅಷ್ಟೆ. ಸೈಕೋಡೈನಮಿಕ್ ಸಿದ್ಧಾಂತ ಹೇಳುವ ಸ್ಥಾನಪಲ್ಲಟದಲ್ಲಿ ಆಕೆಗೆ ಕೋಪ ಯಾರ ಮೇಲಿನದು ಎಂಬುದೇ ಗೊತ್ತಿರುವುದಿಲ್ಲ. ಕೊತ್ತಿಯೇ ತಪ್ಪು ಮಾಡಿದೆ ಎಂದು ಆಕೆ ಪ್ರಾಮಾಣಿಕವಾಗಿ ನಂಬಿರುತ್ತಾಳೆ. ಮೊದಲನೆಯದು ಎಲ್ಲರೂ ಕಂಡ ಲೋಕಾನುಭವ. ಎರಡನೆಯದಕ್ಕೆ ಪುರಾವೆ ಬೇಕು, ಮತ್ತು ಆ ಪುರಾವೆಯ ವಿಷಯದಲ್ಲಿಯೇ ಈ ಪಂಥ ಶುರುವಿನಿಂದಲೂ ಎಡವಿದೆ.

ಅದರ ಮೊದಲ ಪ್ರಕರಣವನ್ನೇ ನೋಡಿ. ‘ಆನಾ ಓ.’ ಎಂಬ ಹೆಸರಿನಲ್ಲಿ ದಾಖಲಾದ ಯುವತಿಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ಚಿಕಿತ್ಸೆ ನೀಡಿದ. ಮಾತನಾಡುತ್ತಾ ಹೋದಂತೆ ಒಂದೊಂದೇ ಲಕ್ಷಣ ಮಾಯವಾಯಿತು ಎಂದು 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಒಟ್ಟಾಗಿ ಪ್ರಕಟಿಸಿದರು. ವಾಸ್ತವದಲ್ಲಿ 1882ರಲ್ಲಿಯೇ ಬ್ರಾಯರ್ ಆಕೆಯನ್ನು ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್‌ನಲ್ಲಿದ್ದ ಬೆಲ್ವ್ಯೂ ಆಸ್ಪತ್ರೆಗೆ ಸೇರಿಸಿದ್ದ. ಇತಿಹಾಸಕಾರ ಆನ್ರಿ ಎಲೆನ್‌ಬರ್ಗರ್ ಆಸ್ಪತ್ರೆಯ ಕಡತಗಳನ್ನು ಹುಡುಕಿ 1972ರಲ್ಲಿ ಇದನ್ನು ಬಯಲಿಗೆ ತಂದ. ಮೊದಲ ಯಶಸ್ಸೆಂದು ಸಾರಿದ ಪ್ರಕರಣವೇ ಹೇಳಿದಂತೆ ನಡೆಯದಿದ್ದರೆ, ಅದರ ಮೇಲೆ ಕಟ್ಟಿದ ಮನೆಯನ್ನು ನಂಬುವುದು ಹೇಗೆ?

ಆಪ್ತಸಮಾಲೋಚಕಿ
ತರ್ಕಪ್ರಿಯ ಅವರು ಕೊಟ್ಟ ವಿವರಗಳು ಸರಿಯಾಗಿವೆ. ಆ ಯುವತಿಯ ನಿಜವಾದ ಹೆಸರು ಬರ್ತಾ ಪಾಪೆನ್‌ಹೈಮ್ ಎಂಬುದನ್ನೂ, ಆಕೆ ಮುಂದೆ ಚೇತರಿಸಿಕೊಂಡು 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟವನ್ನು ಸ್ಥಾಪಿಸಿದ ದೊಡ್ಡ ಸಮಾಜಸೇವಕಿಯಾದಳು ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಪುಸ್ತಕಗಳಲ್ಲಿ ಆಕೆ ಕೇವಲ ರೋಗಿಯಾಗಿ ಉಳಿದುಬಿಟ್ಟಿದ್ದಾಳೆ. ಮಾತಿನ ಮೂಲಕ ಚಿಕಿತ್ಸೆ ಎಂಬ ಮಾತನ್ನು ಕೊಟ್ಟವಳೂ ಆಕೆಯೇ. ಬ್ರಾಯರ್‌ನ ವರದಿ ಅತಿಶಯೋಕ್ತಿಯಾಗಿತ್ತು ಎಂಬುದರಿಂದ, ಸುಪ್ತ ಮನಸ್ಸಿನಲ್ಲಿ ಸಂಘರ್ಷ ಇಲ್ಲ ಎಂಬ ತೀರ್ಮಾನಕ್ಕೆ ಬರಲಾಗದು. ಆ ವರದಿಯನ್ನು ಸಾಕ್ಷ್ಯವಾಗಿ ಬಳಸಬಾರದು ಎಂಬ ತೀರ್ಮಾನಕ್ಕೆ ಮಾತ್ರ ಬರಬಹುದು.

ಬಯಲುಸೀಮೆಯ ಓದುಗ
ಸೆಮಿನಾರಿಗೆ ಒಂದು ಸಲಹೆ: ಫ್ರಾಯ್ಡ್ ಕೊಟ್ಟ ಹಿಮಗಡ್ಡೆಯ ಚಿತ್ರದಿಂದ ಶುರುಮಾಡಿ, ನೀರಿನ ಮೇಲೆ ಕಾಣುವ ತುದಿ ಪ್ರಜ್ಞೆ, ಕೆಳಗಿರುವ ರಾಶಿ ಸುಪ್ತ ಮನಸ್ಸು ಎಂದರೆ ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ.

ಹಳೆಯ ಮೇಷ್ಟ್ರು
ಆ ಚಿತ್ರ ಪಠ್ಯಪುಸ್ತಕಗಳದ್ದು. ಫ್ರಾಯ್ಡ್‌ನ ಬರವಣಿಗೆಯಲ್ಲಿ ಅದು ಸಿಗುವುದಿಲ್ಲ. ಅವನು 1916–17ರ ಉಪನ್ಯಾಸಗಳಲ್ಲಿ ಕೊಟ್ಟ ಚಿತ್ರ ಬೇರೆ: ದೊಡ್ಡದೊಂದು ಹೊರಕೋಣೆ, ಅದಕ್ಕೆ ಹೊಂದಿಕೊಂಡ ಚಿಕ್ಕ ಪಡಸಾಲೆ, ನಡುವಿನ ಹೊಸ್ತಿಲಲ್ಲಿ ನಿಂತು ಯಾರನ್ನು ಒಳಬಿಡಬೇಕೆಂದು ನಿರ್ಧರಿಸುವ ಕಾವಲುಗಾರ. ಹಿಮಗಡ್ಡೆಯಲ್ಲಿ ಯಾವ ಬಲವೂ ಕೆಲಸ ಮಾಡುವುದಿಲ್ಲ, ಕೆಳಗಿರುವುದು ಸುಮ್ಮನೆ ಕೆಳಗಿರುತ್ತದೆ. ಕಾವಲುಗಾರನಿರುವ ಚಿತ್ರದಲ್ಲಿ ಒಳಬರಲು ಯತ್ನಿಸುವವರು ಇದ್ದಾರೆ, ತಡೆಯುವವನಿದ್ದಾನೆ, ವೇಷ ಬದಲಿಸಿ ನುಸುಳುವ ಸಾಧ್ಯತೆಯೂ ಇದೆ. ಕಾವಲುಗಾರ ತಡೆಯುವುದು ದಮನ; ಕನಸು, ಬಾಯಿತಪ್ಪಿ ಬಂದ ಮಾತು ಎರಡೂ ಆ ನುಸುಳುವಿಕೆಯ ಬಗೆಗಳು ಎಂಬುದು ಅವನ ವಾದ. ಸೆಮಿನಾರಿನಲ್ಲಿ ಇದನ್ನೇ ಬಳಸಿರಿ.

ತರ್ಕಪ್ರಿಯ
ನುಸುಳುವಿಕೆಯ ಈ ವಾದವೇ ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪರ್‌ನನ್ನು ಕೆರಳಿಸಿದ್ದು. ಅವನು ಕೊಡುವ ಉದಾಹರಣೆ ಹೀಗಿದೆ: ಒಬ್ಬ ಮನುಷ್ಯ ಮಗುವನ್ನು ಮುಳುಗಿಸಲೆಂದು ನೀರಿಗೆ ತಳ್ಳುತ್ತಾನೆ, ಇನ್ನೊಬ್ಬ ಮಗುವನ್ನು ಉಳಿಸಲು ಪ್ರಾಣವನ್ನೇ ಕೊಡುತ್ತಾನೆ. ಮೊದಲನೆಯವನದು ದಮನ, ಎರಡನೆಯವನದು ಬಯಕೆಯನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸುವ ಉದಾತ್ತೀಕರಣ ಎಂದು ಒಂದೇ ಸಿದ್ಧಾಂತ ಎರಡನ್ನೂ ಸಲೀಸಾಗಿ ವಿವರಿಸುತ್ತದೆ. ಏನೇ ನಡೆದರೂ ಸರಿಯಾಗಿಯೇ ಉಳಿಯುವ ಸಿದ್ಧಾಂತ ವಿಜ್ಞಾನವಲ್ಲ ಎಂಬ ಅವನ ಮಾತಿಗೆ ಇದುವರೆಗೆ ಸಮರ್ಪಕ ಉತ್ತರ ಬಂದಿಲ್ಲ.

ಕೃಷ್ಣಾ ದಂಡೆ
ಉತ್ತರ ಬಂದಿದೆ, ಅದೂ ಫ್ರಾಯ್ಡ್‌ನ ಅತ್ಯಂತ ಕಠಿಣ ವಿಮರ್ಶಕನಿಂದಲೇ ಬಂದಿದೆ. ತತ್ತ್ವಶಾಸ್ತ್ರಜ್ಞ ಅಡಾಲ್ಫ್ ಗ್ರುನ್‌ಬಾಮ್ 1984ರಲ್ಲಿ ಈ ಬಗ್ಗೆ ಬರೆದಾಗ, ಮನೋವಿಶ್ಲೇಷಣೆಯ ಹಲವು ಹೇಳಿಕೆಗಳನ್ನು ಪರೀಕ್ಷಿಸಲು ಸಾಧ್ಯವಿದೆ, ಪಾಪರ್ ಹೇಳಿದ್ದು ತಪ್ಪು ಎಂದು ತೋರಿಸಿದ. ಅವನ ಆಕ್ಷೇಪಣೆ ಬೇರೆಯಾಗಿತ್ತು: ಚಿಕಿತ್ಸಾ ಕೊಠಡಿಯೊಳಗೆ ರೋಗಿ ಹೇಳುವ ಮಾತಿನಲ್ಲಿ ಚಿಕಿತ್ಸಕನ ಸೂಚನೆಗಳು ಬೆರೆತಿರುತ್ತವೆ, ಆದ್ದರಿಂದ ಅದು ಶುದ್ಧ ಸಾಕ್ಷ್ಯವಲ್ಲ, ಪರೀಕ್ಷೆ ಕೊಠಡಿಯ ಹೊರಗೆ ನಡೆಯಬೇಕು ಎಂಬುದು. ಪಾಪರ್‌ನ ಆಕ್ಷೇಪಕ್ಕಿಂತ ಇದು ಗಂಭೀರವಾದದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ಇದು ಸಂಶೋಧಕರಿಗೆ ಮುಂದೇನು ಮಾಡಬೇಕೆಂದು ಹೇಳುತ್ತದೆ.

ಫ್ರಾಯ್ಡ್ ಸಾಕ್ಷ್ಯಕ್ಕೆ ಬಗ್ಗಲೇ ಇಲ್ಲ ಎಂಬ ಆರೋಪವೂ ಪೂರ್ತಿ ನಿಜವಲ್ಲ. ಬಾಲ್ಯದ ಲೈಂಗಿಕ ಶೋಷಣೆಯೇ ಹಿಸ್ಟೀರಿಯಾದ (ದೈಹಿಕ ಕಾರಣ ಸಿಗದ ಲಕ್ಷಣಗಳಿಗೆ ಆಗಿನ ಹೆಸರು) ಕಾರಣವೆಂದು 1896ರಲ್ಲಿ ಸಾರಿದವನು ಮರುವರ್ಷವೇ ಗೆಳೆಯ ಫ್ಲೀಸ್‌ಗೆ ಪತ್ರ ಬರೆದು ಆ ಸಿದ್ಧಾಂತದಲ್ಲಿ ತನಗೆ ನಂಬಿಕೆ ಉಳಿದಿಲ್ಲ ಎಂದ. ದಮನದಿಂದ ಆತಂಕ ಹುಟ್ಟುತ್ತದೆ ಎಂದು ದಶಕಗಳ ಕಾಲ ಹೇಳಿ, 1926ರಲ್ಲಿ ಅದನ್ನು ತಿರುಗಿಸಿ, ಆತಂಕವೇ ದಮನಕ್ಕೆ ಕಾರಣ ಎಂದ.

ಶರಾವತಿ
ಶೋಷಣೆಯ ಸಿದ್ಧಾಂತವನ್ನು ಬಿಟ್ಟದ್ದನ್ನು ಪ್ರಗತಿಯ ಉದಾಹರಣೆಯಾಗಿ ಕೊಡುವುದು ನನಗೆ ಸರಿಕಾಣುವುದಿಲ್ಲ. ಅದರ ಫಲವಾಗಿ ಎಷ್ಟೋ ಹೆಣ್ಣುಮಕ್ಕಳು ಅನುಭವಿಸಿದ ನಿಜವಾದ ದೌರ್ಜನ್ಯವನ್ನು ಕಲ್ಪನೆಯೆಂದು ಕಾಣುವ ರೂಢಿ ವೈದ್ಯರಲ್ಲಿ ಬಲವಾಯಿತು.

ಡೋರಾ ಎಂಬ ಹೆಸರಿಟ್ಟು ಫ್ರಾಯ್ಡ್ ಬರೆದ ತನ್ನ ರೋಗಿಯ ಪ್ರಕರಣವನ್ನು ಓದಿದವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. 18 ವರ್ಷದ ಹುಡುಗಿ. ಆಕೆಯ ತಂದೆಗೆ ಕೆ. ಎಂಬ ಗೆಳೆಯನ ಹೆಂಡತಿಯೊಂದಿಗೆ ಸಂಬಂಧ. ಆ ಕೆ. ಸರೋವರದ ಬಳಿ ಈಕೆಯ ಮುಂದೆ ಪ್ರಣಯ ನಿವೇದನೆ ಮಾಡಿದಾಗ ಈಕೆ ಅವನ ಕೆನ್ನೆಗೆ ಹೊಡೆದು ಓಡಿಬಂದಿದ್ದಾಳೆ. ಮನೆಯಲ್ಲಿ ಹೇಳಿದರೆ ತಂದೆ ನಂಬಲಿಲ್ಲ. ಫ್ರಾಯ್ಡ್ ಆಕೆಯ ಮಾತನ್ನು ನಂಬಿದ, ಅದನ್ನು ಮೆಚ್ಚಬೇಕು. ಆದರೆ ನಂಬಿದ ಮೇಲೆ, ನಿನಗೆ ಒಳಗೊಳಗೇ ಆ ಮನುಷ್ಯನ ಮೇಲೆ ಪ್ರೇಮವಿದೆ ಎಂದು ಪಟ್ಟುಹಿಡಿದು ಹೇಳಿದ. ಆಕೆ ಅಲ್ಲ ಎಂದಷ್ಟೂ ಅವನಿಗೆ ಅದು ಹೌದೆಂದೇ ಕೇಳಿಸಿತು. ಹನ್ನೊಂದು ವಾರಗಳ ನಂತರ, 1900ರ ಡಿಸೆಂಬರ್ 31ರಂದು, ಆಕೆ ಚಿಕಿತ್ಸೆಯನ್ನು ನಿಲ್ಲಿಸಿ ಎದ್ದುಹೋದಳು. ಆ ಹುಡುಗಿಯ ಜಾಗದಲ್ಲಿ ನಮ್ಮ ಮನೆಯ ಮಗಳನ್ನು ಇಟ್ಟು ಯೋಚಿಸಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಒಳಮನಸ್ಸಿನ ಹೆಸರಿನಲ್ಲಿ ಎದುರಿಗಿರುವವರ ಮಾತನ್ನು ಅಳಿಸಿಹಾಕುವ ಅಧಿಕಾರ ಚಿಕಿತ್ಸಕನಿಗೆ ಸಿಗುವುದೇ ಈ ದೃಷ್ಟಿಕೋನದ ದೊಡ್ಡ ಅಪಾಯ.

ಆಪ್ತಸಮಾಲೋಚಕಿ
ಶರಾವತಿ ಮೇಡಂ, ನಿಮ್ಮ ಸಿಟ್ಟು ನ್ಯಾಯವಾದದ್ದು. ತರಬೇತಿಯಲ್ಲಿ ಈ ಪ್ರಕರಣವನ್ನು ನಮಗೆ ಓದಿಸಿದ್ದೂ ಚಿಕಿತ್ಸೆ ಹೇಗಿರಬಾರದು ಎಂಬುದನ್ನು ಕಲಿಸಲೆಂದೇ. ಆದರೆ ಅದೇ ಸೋಲಿನಿಂದ ಈ ದೃಷ್ಟಿಕೋನದ ಅತ್ಯಂತ ಉಪಯುಕ್ತ ವಿಚಾರವೊಂದು ಸ್ಪಷ್ಟ ರೂಪ ಪಡೆಯಿತು. 1905ರಲ್ಲಿ ಪ್ರಕರಣವನ್ನು ಪ್ರಕಟಿಸುವಾಗ ಫ್ರಾಯ್ಡ್, ಡೋರಾ ತನ್ನ ಬದುಕಿನ ಗಂಡಸರ ಬಗೆಗಿನ ಭಾವನೆಗಳನ್ನು ಚಿಕಿತ್ಸಕನಾದ ತನ್ನ ಮೇಲೂ ವರ್ಗಾಯಿಸುತ್ತಿದ್ದುದನ್ನು ಸಕಾಲದಲ್ಲಿ ಗುರುತಿಸಲಿಲ್ಲ ಎಂದು ಬರೆದ. ಟ್ರಾನ್ಸ್‌ಫರೆನ್ಸ್ ಎಂದು ನಾವು ದಿನವೂ ಮಾತನಾಡುವುದು ಇದನ್ನೇ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನ ಬಳಿಗೆ ಬರುತ್ತಿದ್ದ ನಡುವಯಸ್ಸಿನ ಒಬ್ಬರು ಪ್ರತಿ ಭೇಟಿಗೂ ತಡವಾಗಿ ಬಂದು, ಬಾಗಿಲಲ್ಲಿಯೇ ನಿಂತು ಕ್ಷಮೆ ಕೇಳುತ್ತಿದ್ದರು. ನಾನು ಬೇಸರಪಟ್ಟುಕೊಳ್ಳಲಿಲ್ಲ ಎಂದರೂ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಕಚೇರಿಯಲ್ಲಿ ಮೇಲಧಿಕಾರಿಯೊಂದಿಗೂ ಹೀಗೆಯೇ, ಮನೆಯಲ್ಲಿ ಹೆಂಡತಿಯೊಂದಿಗೂ ಹೀಗೆಯೇ. ತಡಮಾಡುವುದು, ಬೈಗುಳವನ್ನು ನಿರೀಕ್ಷಿಸುವುದು, ಬೈಗುಳ ಬಾರದಿದ್ದರೆ ಮತ್ತಷ್ಟು ಅಂಜುವುದು. ನೀವು ಹೀಗೆ ಮಾಡುತ್ತಿರುವುದಕ್ಕೆ ನಿಮ್ಮ ತಂದೆ ಕಾರಣ ಎಂದು ನಾನು ಎಂದಿಗೂ ಹೇಳಲಿಲ್ಲ. ನಾನು ಈಗ ಏನು ಯೋಚಿಸುತ್ತಿದ್ದೇನೆಂದು ನಿಮಗೆ ಅನ್ನಿಸುತ್ತದೆ ಎಂದು ಮಾತ್ರ ಕೇಳುತ್ತಿದ್ದೆ. ಕೆಲವು ತಿಂಗಳ ನಂತರ ಒಂದು ದಿನ ಅವರೇ, ಈ ಪ್ರಶ್ನೆಯನ್ನು ನಾನು ನನ್ನ ಅಪ್ಪನಿಗೆ ಕೇಳಬೇಕಿತ್ತು ಎಂದರು. ಡೋರಾಳ ಚಿಕಿತ್ಸೆಗೂ ಇದಕ್ಕೂ ಇರುವ ಅಂತರವನ್ನು ಗಮನಿಸಿ: ಅರ್ಥವನ್ನು ಹೊರಗಿನಿಂದ ಹೇರುವ ಬದಲು, ಅದನ್ನು ಕಾಣಬಲ್ಲ ಜಾಗಕ್ಕೆ ಆ ವ್ಯಕ್ತಿಯೇ ಬರುವವರೆಗೆ ಜೊತೆಯಲ್ಲಿರುವುದು.

ತರ್ಕಪ್ರಿಯ
ಪ್ರಸಂಗ ಮನಮುಟ್ಟುವಂತಿದೆ, ಆದರೆ ಗ್ರುನ್‌ಬಾಮ್‌ನ ಆಕ್ಷೇಪಣೆ ಇದಕ್ಕೂ ಅನ್ವಯಿಸುತ್ತದೆ. ಚಿಕಿತ್ಸಕಿ ಯಾವ ಉತ್ತರವನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದನ್ನು ಬಂದವರು ಕೆಲವೇ ದಿನಗಳಲ್ಲಿ ಊಹಿಸಬಲ್ಲರು. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ನಡೆಸಿದ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಅಂಗಡಿ ಸಂಕೀರ್ಣವೊಂದರಲ್ಲಿ ಕಳೆದುಹೋಗಿದ್ದಿರಿ ಎಂಬ ಸುಳ್ಳು ಘಟನೆಯನ್ನು ಮನೆಯವರು ಹೇಳಿದ್ದೆಂದು ತಿಳಿಸಿದಾಗ, 24 ಮಂದಿಯಲ್ಲಿ ಸುಮಾರು ಕಾಲುಭಾಗದಷ್ಟು ಜನ ಅದು ಪೂರ್ತಿಯಾಗಿಯೋ ಭಾಗಶಃವಾಗಿಯೋ ನೆನಪಿದೆ ಎಂದರು. ದಮನಗೊಂಡ ನೆನಪುಗಳನ್ನು ಹೊರತೆಗೆಯುತ್ತೇವೆಂದು ಹೊರಟ ಅಮೆರಿಕದ ಕೆಲವು ಚಿಕಿತ್ಸಕರಿಂದ ಕುಟುಂಬಗಳು ಒಡೆದುಹೋದ ಇತಿಹಾಸ ಇನ್ನೂ ಹಳೆಯದಾಗಿಲ್ಲ.

ಶರಾವತಿ
ಆ ಪ್ರಯೋಗವನ್ನು ನಿಜವಾದ ಸಂತ್ರಸ್ತರ ಬಾಯಿಮುಚ್ಚಿಸಲು ನ್ಯಾಯಾಲಯಗಳಲ್ಲಿ ಬಳಸಿರುವುದನ್ನೂ ಜೊತೆಗೇ ನೆನಪಿಡಬೇಕು.

ಕೃಷ್ಣಾ ದಂಡೆ
ಇಲ್ಲಿ ಎರಡು ಬಗೆಯ ಸುಪ್ತ ಮನಸ್ಸುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳದಿದ್ದರೆ ಚರ್ಚೆ ಗೊಂದಲವಾಗುತ್ತದೆ. ಸ್ವಿಸ್ ವೈದ್ಯ ಎಡ್ವರ್ಡ್ ಕ್ಲಾಪರೇಡ್ 1911ರಲ್ಲಿ ವರದಿ ಮಾಡಿದ ಪ್ರಸಂಗ ಪ್ರಸಿದ್ಧವಾಗಿದೆ. ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ ರೋಗಿಯೊಬ್ಬಳ ಕೈಕುಲುಕುವಾಗ ಅವನು ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಟ್ಟು ಚುಚ್ಚಿದ. ಬಳಿಕ ಆಕೆಗೆ ಆ ಘಟನೆ ಒಂದಿಷ್ಟೂ ನೆನಪಿರಲಿಲ್ಲ, ಆದರೂ ಅವನಿಗೆ ಕೈಕೊಡಲು ಹಿಂಜರಿದಳು. ತಿಳಿಯದೆಯೇ ಕಲಿಯುವ, ತಿಳಿಯದೆಯೇ ಪ್ರತಿಕ್ರಿಯಿಸುವ ಇಂಥ ಮನಸ್ಸಿನ ಇರುವಿಕೆಯನ್ನು ಇಂದು ಯಾವ ಮನಶ್ಶಾಸ್ತ್ರಜ್ಞರೂ ಅಲ್ಲಗಳೆಯುವುದಿಲ್ಲ.

ಆದರೆ ಇದು ಫ್ರಾಯ್ಡ್ ಹೇಳಿದ ಸುಪ್ತ ಮನಸ್ಸು ಹೌದೆಂದು ಸಾಧಿಸುವುದಿಲ್ಲ. ಅವನ ವಾದದಂತೆ ನೋವಿನ ವಿಷಯವನ್ನು ಯಾವುದೋ ಉದ್ದೇಶ ದೂರವಿಟ್ಟಿರುತ್ತದೆ. ಕ್ಲಾಪರೇಡ್‌ನ ರೋಗಿಯಲ್ಲಿ ಅಂಥ ಉದ್ದೇಶವಿರಲಿಲ್ಲ, ಮೆದುಳಿಗೆ ಹಾನಿಯಾಗಿತ್ತು. ಸೈಕೋಡೈನಮಿಕ್ ಪಂಥದವರು ಮೊದಲನೆಯದರ ಪುರಾವೆಯನ್ನು ತೋರಿಸಿ ಎರಡನೆಯದೂ ಸಾಬೀತಾಯಿತು ಎನ್ನುವುದನ್ನು ನಿಲ್ಲಿಸಬೇಕು. ಎರಡನೆಯದಕ್ಕೆ ಹತ್ತಿರವಾದ ಪುರಾವೆ ರಕ್ಷಣಾ ತಂತ್ರಗಳ ಸಂಶೋಧನೆಯಲ್ಲಿದೆ. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾದ ದೀರ್ಘ ಅಧ್ಯಯನವೊಂದರಲ್ಲಿ ಜಾರ್ಜ್ ವೇಲಂಟ್ ಅದೇ ಜನರನ್ನು ದಶಕಗಳ ಕಾಲ ಹಿಂಬಾಲಿಸಿದ. ತನ್ನ ಭಾವನೆಗಳನ್ನು ಇತರರ ಮೇಲೆ ಹೊರಿಸುವಂಥ ರೀತಿಗಳನ್ನು ಅವನು ಅಪಕ್ವ ತಂತ್ರಗಳೆಂದೂ, ಹಾಸ್ಯ, ಪರೋಪಕಾರ, ಉದಾತ್ತೀಕರಣಗಳನ್ನು ಪಕ್ವ ತಂತ್ರಗಳೆಂದೂ ವಿಂಗಡಿಸಿದ. ಪಕ್ವ ತಂತ್ರಗಳನ್ನು ಹೆಚ್ಚು ಬಳಸಿದವರ ಬದುಕು ಮುಂದೆ ಹೆಚ್ಚು ಸುಸ್ಥಿತಿಯಲ್ಲಿತ್ತು ಎಂದು ಕಂಡುಕೊಂಡ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಅನುಬಂಧದಲ್ಲಿ ರಕ್ಷಣಾ ತಂತ್ರಗಳ ಅಳತೆಪಟ್ಟಿಯೊಂದನ್ನು ಸೇರಿಸಲಾಗಿತ್ತು.

ನೇತ್ರಾವತಿ ತೀರ
ಎಲ್ಲರಿಗೂ ಧನ್ಯವಾದಗಳು. ಬಾಲ್ಯದ ಅನುಭವ ಮುಂದಿನ ಬದುಕನ್ನು ರೂಪಿಸುತ್ತದೆ ಎಂಬ ವಿಚಾರದ ಬಗ್ಗೆಯೂ ಇದೇ ರೀತಿ ಪರೀಕ್ಷಿಸಿದ ಆಧಾರಗಳಿವೆಯೇ? ಮಗುವಿನ ಸುಖ ಮೊದಲು ಬಾಯಿಯಲ್ಲಿ, ಬಳಿಕ ಗುದದಲ್ಲಿ ಕೇಂದ್ರವಾಗುತ್ತದೆ ಎನ್ನುವ ಬಾಯಿಯ ಹಂತ, ಗುದದ ಹಂತ ಎಂಬ ವಿವರಣೆಗಳನ್ನು ಸಹಪಾಠಿಗಳು ಒಪ್ಪುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಹಳೆಯ ಮೇಷ್ಟ್ರು
ಒಪ್ಪಬೇಕಾಗಿಯೂ ಇಲ್ಲ. ಆ ಹಂತಗಳಿಗೆ ಗಟ್ಟಿಯಾದ ಆಧಾರವಿಲ್ಲ. ಫ್ರಾಯ್ಡ್ ನಂತರದವರೇ ಅವನ್ನು ಬದಿಗಿಟ್ಟರು. ಎಡಿನ್‌ಬರೋದ ಮನೋವಿಶ್ಲೇಷಕ ಫೇರ್‌ಬೇರ್ನ್ 1940ರ ದಶಕದಲ್ಲಿ, ಮಗು ಹುಡುಕುವುದು ಸುಖವನ್ನಲ್ಲ, ಸಂಬಂಧವನ್ನು ಎಂದು ಬರೆದಾಗಲೇ ಚಿಂತನೆಯ ದಿಕ್ಕು ಬದಲಾಗಿತ್ತು.

ಈ ದಾರಿಯಲ್ಲಿ ಬಹುದೂರ ಹೋದವರು ಜಾನ್ ಬೌಲ್ಬಿ. ಅವರು ತರಬೇತಿ ಪಡೆದ ಮನೋವಿಶ್ಲೇಷಕ. ಮಕ್ಕಳ ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಅವರ ಮೇಲ್ವಿಚಾರಣೆಯಲ್ಲಿಯೂ ಕೆಲಸ ಮಾಡಿದವರು. ಮಗುವಿನ ಒಳಗಿನ ಕಲ್ಪನೆಗಳ ಬಗ್ಗೆಯೇ ಮಾತನಾಡುತ್ತಾ, ತಾಯಿ ನಿಜವಾಗಿ ಆಸ್ಪತ್ರೆಯಲ್ಲಿದ್ದಾಳೆಯೇ, ಮನೆಯಲ್ಲಿದ್ದಾಳೆಯೇ ಎಂಬುದನ್ನು ಕೇಳದಿರುವುದು ಅವರಿಗೆ ಸರಿಕಾಣಲಿಲ್ಲ. 1944ರಲ್ಲಿ ಅವರು ಕಳ್ಳತನ ಮಾಡಿದ 44 ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಅವರಲ್ಲಿ ಯಾರ ಮೇಲೂ ಮಮತೆಯೇ ಇಲ್ಲದಂತೆ ಕಂಡ 14 ಮಕ್ಕಳ ಪೈಕಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಬೇರ್ಪಟ್ಟಿದ್ದರು. ಸಂದರ್ಶನ ಮಾಡಿದವರೂ ವರ್ಗೀಕರಿಸಿದವರೂ ಅವರೇ ಆಗಿದ್ದುದರಿಂದ ಈ ಅಂಕಿಗಳ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ, ಆದರೆ ಪ್ರಶ್ನೆ ಸರಿಯಾದದ್ದಾಗಿತ್ತು.

ಆಗಿನ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಂದೆತಾಯಿಗೆ ಬಹಳ ಕಡಿಮೆ ಅವಕಾಶವಿತ್ತು. ತಾಯಿ ಬಂದುಹೋದರೆ ಮಗು ಅತ್ತು ವಾರ್ಡಿನ ಶಿಸ್ತು ಕೆಡುತ್ತದೆ ಎಂಬುದು ಸಿಬ್ಬಂದಿಯ ನಂಬಿಕೆ. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಹೆಣ್ಣುಮಗುವಿನ ದಿನಗಳನ್ನು ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರು. ಸುಮ್ಮನಾದ ಮಗು ಹೊಂದಿಕೊಂಡ ಮಗುವಲ್ಲ, ಆಸೆ ಬಿಟ್ಟ ಮಗುವಾಗಿರಬಹುದು ಎಂಬುದು ಅವರ ವಾದ. ಮೊದಮೊದಲು ವೈದ್ಯರು ಕೋಪಗೊಂಡರು. 1959ರಲ್ಲಿ ಸರ್ಕಾರಿ ಸಮಿತಿಯೇ ಭೇಟಿಯ ನಿರ್ಬಂಧಗಳನ್ನು ಸಡಿಲಿಸಬೇಕೆಂದು ಶಿಫಾರಸು ಮಾಡಿತು. ಪರೀಕ್ಷಿಸಲಾಗದ ಸಿದ್ಧಾಂತವೆಂದು ನಿಮ್ಮ ಪಠ್ಯ ಕೈಬಿಡುವ ಪಂಥದಿಂದ ಹೊರಟವರು ಮಾಡಿದ ಕೆಲಸ ಇದು. ಮುಂದೆ ಮೇರಿ ಏನ್ಸ್‌ವರ್ತ್ ಮೊದಲು ಉಗಾಂಡಾದಲ್ಲಿ, ಬಳಿಕ ಬಾಲ್ಟಿಮೋರ್‌ನಲ್ಲಿ ತಾಯಿ ಮತ್ತು ಮಕ್ಕಳನ್ನು ನೇರವಾಗಿ ಗಮನಿಸಿ ಬಾಂಧವ್ಯದ ಬಗೆಗಳನ್ನು ಗುರುತಿಸಿದರು.

ಕರಾವಳಿ ಕನ್ನಡತಿ
ನಾನು ಬೆಳೆದದ್ದು ಕೂಡುಕುಟುಂಬದಲ್ಲಿ. ಉಣಿಸಿದ್ದು ಅಜ್ಜಿ, ಮಲಗಿಸಿದ್ದು ಚಿಕ್ಕಮ್ಮ, ಶಾಲೆಗೆ ಕರೆದೊಯ್ದದ್ದು ದೊಡ್ಡಪ್ಪ. ತಾಯಿಯೊಬ್ಬಳನ್ನೇ ಕೇಂದ್ರದಲ್ಲಿಟ್ಟ ಸಿದ್ಧಾಂತ ನಮಗೆ ಎಷ್ಟು ಅನ್ವಯಿಸುತ್ತದೆ ಎಂಬ ಪ್ರಶ್ನೆಯನ್ನು ಸೆಮಿನಾರಿನಲ್ಲಿ ಕೈಬಿಡಬೇಡಿ. ಗಂಡುಮಗುವಿಗೆ ತಾಯಿಯ ಮೇಲೆ ಬಯಕೆ, ತಂದೆಯೊಂದಿಗೆ ಪೈಪೋಟಿ ಇರುತ್ತದೆ ಎನ್ನುವ ಫ್ರಾಯ್ಡ್‌ನ ಈಡಿಪಸ್ ಗ್ರಂಥಿಯ ಬಗ್ಗೆ ಇದೇ ಪ್ರಶ್ನೆಯನ್ನು ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1927ರಲ್ಲಿಯೇ ಕೇಳಿದ್ದರು. ಅವರು ಅಧ್ಯಯನ ಮಾಡಿದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ಹುಡುಗನನ್ನು ಶಿಸ್ತಿನಲ್ಲಿಡುವವನು ಸೋದರಮಾವ, ತಂದೆಯಾದರೋ ಸಲಿಗೆಯ ಗೆಳೆಯ. ಅಲ್ಲಿ ಹುಡುಗನ ಅಸಮಾಧಾನ ಸೋದರಮಾವನ ಮೇಲಿರುತ್ತದೆ ಎಂದು ಅವರು ವಾದಿಸಿದರು. ಅಳಿಯಸಂತಾನದ ತುಳುನಾಡಿನಲ್ಲಿಯೂ ಸೋದರಮಾವನೇ ಯಜಮಾನನಾಗಿದ್ದ ಮನೆಗಳಿದ್ದವು. ಅಲ್ಲಿನ ಗಂಡುಮಕ್ಕಳ ಒಳಸಂಘರ್ಷ ವಿಯೆನ್ನಾದ ಮಧ್ಯಮವರ್ಗದ ಮನೆಯಂತೆಯೇ ಇತ್ತು ಎಂದು ಊಹಿಸಿಕೊಳ್ಳಲು ಕಾರಣವಿಲ್ಲ.

ತುಂಗಾ
ಇದೇ ಮಾತಿಗೆ ಎ. ಕೆ. ರಾಮಾನುಜನ್ ಅವರ ‘ಭಾರತೀಯ ಈಡಿಪಸ್’ ಕುರಿತ ಪ್ರಬಂಧವನ್ನು ಸೇರಿಸಲೇಬೇಕು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಅವರು, ಉತ್ತರ ಕರ್ನಾಟಕದಲ್ಲಿ ಸಿಕ್ಕಿದ ಒಂದು ಕನ್ನಡ ಜನಪದ ಕಥೆಯನ್ನು ಅಲ್ಲಿ ಚರ್ಚಿಸುತ್ತಾರೆ. ತನ್ನ ಮಗನನ್ನೇ ಮದುವೆಯಾಗಿ ಅವನಿಂದ ಮಗುವನ್ನು ಪಡೆಯುವುದು ಒಬ್ಬ ಹುಡುಗಿಯ ಹಣೆಬರಹ. ತಪ್ಪಿಸಿಕೊಳ್ಳಲು ಕಾಡಿಗೆ ಹೋದರೂ ಬರೆದದ್ದು ನಡೆದೇ ಹೋಗುತ್ತದೆ. ನಿಜ ತಿಳಿದ ದಿನ ಆಕೆ ತೊಟ್ಟಿಲಿನ ಮಗುವನ್ನು ಮಗನೆಂದೂ ಮೊಮ್ಮಗನೆಂದೂ ಗಂಡನ ತಮ್ಮನೆಂದೂ ಕರೆದು ಜೋಗುಳ ಹಾಡಿ ಪ್ರಾಣ ಬಿಡುತ್ತಾಳೆ. ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವ ಈಡಿಪಸ್‌ನ ಗ್ರೀಕ್ ಕಥೆಯಲ್ಲಿ ನಾಯಕ ಮಗ. ಇಲ್ಲಿ ಎಲ್ಲವನ್ನೂ ಅನುಭವಿಸುವವಳು ತಾಯಿ. ನಮ್ಮ ಪುರಾಣಗಳಲ್ಲಿ ಮಗ ತಂದೆಯನ್ನು ಕೊಲ್ಲುವುದಕ್ಕಿಂತ, ತಂದೆಗಾಗಿ ಮಗ ತನ್ನದನ್ನು ಕಳೆದುಕೊಳ್ಳುವುದೇ ಹೆಚ್ಚು ಎಂಬುದನ್ನೂ ಅವರು ಎತ್ತಿತೋರಿಸುತ್ತಾರೆ: ಯಯಾತಿಗೆ ಪೂರು ಯೌವನವನ್ನು ಕೊಟ್ಟ, ಶಂತನುವಿಗಾಗಿ ಭೀಷ್ಮ ಮದುವೆಯನ್ನೇ ಬಿಟ್ಟ.

ತರ್ಕಪ್ರಿಯ
ತುಂಗಾ ಅವರೇ, ಅರ್ಜುನನನ್ನು ಕೊಂದ ಬಭ್ರುವಾಹನ ಎಲ್ಲಿಗೆ ಹೋದ? ಬೇಕಾದ ಕಥೆಗಳನ್ನು ಆರಿಸಿಕೊಂಡರೆ ಯಾವ ಸಿದ್ಧಾಂತಕ್ಕೂ ಪುರಾವೆ ಸಿಗುತ್ತದೆ.

ತುಂಗಾ
ಅಪವಾದಗಳಿವೆ, ಇಲ್ಲವೆಂದು ನಾನು ಹೇಳಿಲ್ಲ. ಬಭ್ರುವಾಹನನ ಕಥೆಯಲ್ಲಿಯೂ ಮಗ ಯುದ್ಧಕ್ಕೆ ಒಲ್ಲದೆ ನಿಂತಾಗ ತಂದೆಯೇ ಅವನನ್ನು ಹಂಗಿಸುತ್ತಾನೆ, ಕೊನೆಗೆ ಸತ್ತ ತಂದೆ ಮತ್ತೆ ಬದುಕುತ್ತಾನೆ ಎಂಬುದನ್ನು ನೋಡಿರಿ. ಪ್ರಶ್ನೆ ಇರುವುದು ಹೆಚ್ಚು ಕಡಿಮೆಯ ಬಗ್ಗೆ.

ಹಳೆಯ ಮೇಷ್ಟ್ರು
ಈ ಭಿನ್ನತೆಯನ್ನು ಚಿಕಿತ್ಸಾ ಅನುಭವದಿಂದ ಫ್ರಾಯ್ಡ್‌ಗೇ ತಿಳಿಸಿದ ಭಾರತೀಯರೊಬ್ಬರಿದ್ದಾರೆ. ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡ್‌ನೊಂದಿಗೆ ಪತ್ರವ್ಯವಹಾರ ನಡೆಸಿ, ತಮ್ಮ ಭಾರತೀಯ ರೋಗಿಗಳಲ್ಲಿ ಪುರುಷತ್ವವನ್ನು ಕಳೆದುಕೊಳ್ಳುವ ಭಯ ಯುರೋಪಿನವರಲ್ಲಿ ಕಾಣುವಷ್ಟು ತೀವ್ರವಾಗಿಲ್ಲ ಎಂದು ನೇರವಾಗಿಯೇ ಬರೆದರು. ಪ್ರತಿಯೊಂದು ಬಯಕೆಯ ಜೊತೆಗೂ ಅದಕ್ಕೆ ವಿರುದ್ಧವಾದ ಬಯಕೆಯೊಂದು ಇರುತ್ತದೆ ಎಂಬುದು ಅವರ ಸ್ವಂತ ಸಿದ್ಧಾಂತ. ಫ್ರಾಯ್ಡ್‌ನ 75ನೆಯ ಹುಟ್ಟುಹಬ್ಬಕ್ಕೆ, 1931ರಲ್ಲಿ, ಕಲ್ಕತ್ತೆಯಿಂದ ದಂತದ ವಿಷ್ಣು ವಿಗ್ರಹವೊಂದು ವಿಯೆನ್ನಾಕ್ಕೆ ಹೋಯಿತು. ಗೌರವ ಇಟ್ಟುಕೊಂಡೇ ಭಿನ್ನಮತವನ್ನು ಹೇಳಿದ ಈ ಹಿರಿಯರ ಹೆಸರು ನಮ್ಮ ಪಠ್ಯಗಳಲ್ಲಿ ಇಲ್ಲದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬಯಲುಸೀಮೆಯ ಓದುಗ
ಸಿದ್ಧಾಂತದ ಮಾತು ಸಾಕಷ್ಟಾಯಿತು. ಖಿನ್ನತೆಯಿಂದ ಬಳಲುತ್ತಿರುವ ನನ್ನ ತಮ್ಮನಿಗೆ ಈ ಬಗೆಯ ಚಿಕಿತ್ಸೆಯಿಂದ ಪ್ರಯೋಜನವಿದೆಯೇ, ಇಲ್ಲವೇ? ವರ್ಷಗಟ್ಟಲೆ ಮಂಚದ ಮೇಲೆ ಮಲಗಿ ಮಾತನಾಡಬೇಕೆಂದರೆ ನಮ್ಮಂಥವರಿಗೆ ಸಾಧ್ಯವಿಲ್ಲ.

ಕೃಷ್ಣಾ ದಂಡೆ
ಆಮ್‌ಸ್ಟರ್‌ಡಾಮ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಖಿನ್ನತೆಯಿದ್ದ 341 ಮಂದಿಗೆ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 16 ಭೇಟಿಗಳ ಸಿ.ಬಿ.ಟಿ. (ಯೋಚನೆ ಮತ್ತು ನಡವಳಿಕೆಯನ್ನು ನೇರವಾಗಿ ಬದಲಿಸಲು ಯತ್ನಿಸುವ ಚಿಕಿತ್ಸೆ) ಅಥವಾ ಅಷ್ಟೇ ಭೇಟಿಗಳ ಸೈಕೋಡೈನಮಿಕ್ ಚಿಕಿತ್ಸೆ ನೀಡಲಾಯಿತು. ಫಲಿತಾಂಶದಲ್ಲಿ ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಗುಣಮುಖರಾದವರ ಪ್ರಮಾಣ ಎರಡರಲ್ಲಿಯೂ ಕಾಲುಭಾಗಕ್ಕಿಂತ ಕಡಿಮೆ ಇತ್ತು ಎಂಬುದನ್ನೂ ಮುಚ್ಚಿಡಬಾರದು.

ಬೇರೆ ಚಿಕಿತ್ಸೆಗಳಿಗೆ ಬಗ್ಗದ ಖಿನ್ನತೆಯಿದ್ದ 129 ಮಂದಿಯ ಬಗ್ಗೆ ಲಂಡನ್ನಿನ ಮನಶ್ಚಿಕಿತ್ಸಾ ಸಂಸ್ಥೆ ಟ್ಯಾವಿಸ್ಟಾಕ್‌ನಿಂದ 2015ರಲ್ಲಿ ಬಂದ ವರದಿ ಇನ್ನೂ ಕುತೂಹಲಕರ. ಹದಿನೆಂಟು ತಿಂಗಳ ಚಿಕಿತ್ಸೆ ಮುಗಿದಾಗ ಎರಡು ಗುಂಪುಗಳ ನಡುವೆ ಹೆಚ್ಚಿನ ಅಂತರವಿರಲಿಲ್ಲ. ಅದಾದ ಎರಡು ವರ್ಷಗಳ ನಂತರ ನೋಡಿದಾಗ, ಮನೋವಿಶ್ಲೇಷಣಾತ್ಮಕ ಚಿಕಿತ್ಸೆ ಪಡೆದವರಲ್ಲಿ ಶೇ. 44 ಮಂದಿ ತೀವ್ರ ಖಿನ್ನತೆಯ ಮಾನದಂಡದಿಂದ ಹೊರಬಂದಿದ್ದರು. ಸಾಮಾನ್ಯ ಆರೈಕೆ ಪಡೆದವರಲ್ಲಿ ಆ ಪ್ರಮಾಣ ಶೇ. 10.

ತರ್ಕಪ್ರಿಯ
ಅಂಕಿಗಳನ್ನು ಒಪ್ಪುತ್ತೇನೆ. ಆದರೆ ಚಿಕಿತ್ಸೆ ಫಲ ಕೊಟ್ಟಿತೆಂದರೆ ಅದರ ಹಿಂದಿನ ಸಿದ್ಧಾಂತ ನಿಜವೆಂದಾಗುವುದಿಲ್ಲ. ಹದಿನೆಂಟು ತಿಂಗಳು ವಾರಕ್ಕೊಮ್ಮೆ ಒಬ್ಬರು ಗಮನವಿಟ್ಟು ಕೇಳಿಸಿಕೊಂಡದ್ದರಿಂದಲೇ ಆ ಬದಲಾವಣೆ ಬಂದಿರಬಹುದು. ಹೋಲಿಕೆಯ ಗುಂಪಿನವರಿಗೆ ಅಂಥ ಕೇಳುಗರು ಇರಲಿಲ್ಲವಲ್ಲ.

ಆಪ್ತಸಮಾಲೋಚಕಿ
ತರ್ಕಪ್ರಿಯ ಅವರ ಈ ಆಕ್ಷೇಪಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನೇತ್ರಾವತಿಯವರು ಇದನ್ನು ಸೆಮಿನಾರಿನಲ್ಲಿ ಸೇರಿಸಬೇಕು.

ಬಯಲುಸೀಮೆಯವರೇ, ಅಲ್ಪಾವಧಿಯ ಸೈಕೋಡೈನಮಿಕ್ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ 16ರಿಂದ 24 ಭೇಟಿಗಳಲ್ಲಿ ಮುಗಿಯುತ್ತದೆ. ಎದುರುಬದುರು ಕುರ್ಚಿಯಲ್ಲಿ ಕುಳಿತೇ ಮಾತನಾಡುತ್ತಾರೆ, ಮಂಚದ ಅಗತ್ಯವಿಲ್ಲ. ನಿಮ್ಮ ತಮ್ಮನಿಗೆ ನಿದ್ದೆ ಮತ್ತು ಊಟ ತಪ್ಪಿದ್ದರೆ, ಅಥವಾ ಸಾಯುವ ಮಾತು ಬಂದಿದ್ದರೆ, ಯಾವ ಪಂಥದ ಚಿಕಿತ್ಸೆ ಎಂಬುದನ್ನು ಆಮೇಲೆ ಯೋಚಿಸೋಣ. ಮೊದಲು ಮನೋವೈದ್ಯರನ್ನು ಕಾಣಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಆಪ್ತಸಮಾಲೋಚಕರನ್ನು ಆರಿಸುವಾಗ, ಅವರು ಎಲ್ಲಿ ತರಬೇತಿ ಪಡೆದಿದ್ದಾರೆ, ಈಗಲೂ ಯಾರಾದರೂ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಿದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಮೊದಲ ಕೆಲವು ಭೇಟಿಗಳ ನಂತರ ತಮ್ಮನಿಗೆ ತನ್ನ ಮಾತನ್ನು ಕೇಳಿಸಿಕೊಳ್ಳುತ್ತಿಲ್ಲ ಎಂದು ಅನ್ನಿಸಿದರೆ, ಅದನ್ನು ಅವರ ಎದುರಿಗೇ ಹೇಳಲು ತಿಳಿಸಿ. ಒಳ್ಳೆಯ ಚಿಕಿತ್ಸಕರು ಅದನ್ನು ಕೇಳಿ ಸಿಟ್ಟಾಗುವುದಿಲ್ಲ. ಅಲ್ಲಿಂದಲೇ ಮಾತು ಮುಂದುವರಿಸುತ್ತಾರೆ.